ಕಣ್ಣಿಗೆ ಬೀಳದ ತೂತು

ಹೊನವಾಡದ ದ್ರಾಕ್ಷಿ ಬೆಳೆಗಾರ ಅಮರಪ್ಪನಿಗೆ ಅನುಮಾನ ಹುಟ್ಟುಗುಣ. ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡಿ ಕೊಳ್ಳುತ್ತಾರೆ. ಈತ ಬಡಿದು, ಅಂಗಡಿಯವನ ಮುಖ ನೋಡಿ, ಮತ್ತೊಮ್ಮೆ ಬಡಿಯುವವನು. ಅಂಥವನ ಕೈಗೆ ಕಣ್ಣಿಗೆ ಕಾಣದ ತೂತಿನ ಐನೂರು ಚೀಲ ಬಂದರೆ ಸುಮ್ಮನಿರುತ್ತಾನೆಯೇ?

ಹೋದ ಸಲ ಕೋಲ್ಕತ್ತಕ್ಕೆ ಕಳಿಸಿದ ಹಣ್ಣು ಚೀಲದೊಳಗೇ ಬೆವೆತು ಕೊಳೆತಿತ್ತು. ಅಲ್ಲಿ ಹಣ್ಣಿನ ವ್ಯಾಪಾರ ಮಾಡುವ ಬಬಲೇಶ್ವರದ ರಾಜಾರಾಮ, "ಇನ್ನೊಮ್ಮೆ ಹಿಂಗಾದ್ರ ನಿಮ್ಮ ಮಾಲ ಬ್ಯಾಡ್ರಿ," ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಅದಕ್ಕೇ ಅಮರಪ್ಪ ವಿಜಯಪುರದಲ್ಲಿ ಲೇಸರ್ ಯಂತ್ರ ಇಟ್ಟುಕೊಂಡಿದ್ದ ಕಾವ್ಯಾಳ ಹತ್ತಿರ ಹೋಗಿದ್ದ. ಹಣ್ಣು ಉಸಿರಾಡಲು ಬೇಕಾದಷ್ಟೇ ಸಣ್ಣ ತೂತುಗಳನ್ನು ಆಕೆ ನೇರಳಾತೀತ ಬೆಳಕಿನಿಂದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುತ್ತಿದ್ದಳು.

ಚೀಲ ಮನೆಗೆ ಬಂದದ್ದೇ ತಡ, ಅಮರಪ್ಪ ಒಂದಕ್ಕೆ ನೀರು ತುಂಬಿ ತೂಗುಹಾಕಿದ. ವರ್ಷಗಟ್ಟಲೆ ತೋಟದ ಡ್ರಿಪ್ ಪೈಪು ನೋಡಿದವನಿಗೆ ತೂತೆಂದರೆ ಹನಿ ಬೀಳಬೇಕು. ಹೊತ್ತು ಇಳಿದರೂ ಒಂದು ಹನಿ ಬೀಳಲಿಲ್ಲ. ಮರುದಿನ ವಿಜಯಪುರದ ಬಸ್ಸು ಹತ್ತಿದವನು ತಿಕೋಟಾ ದಾಟುವವರೆಗೂ ಬೈಗುಳ ಜೋಡಿಸಿಕೊಳ್ಳುತ್ತಲೇ ಹೋದ.

"ತೂತ ಎಲ್ಲಿ ಅದಾವು, ತೋರಸವ್ವಾ," ಎಂದ.

ಕಾವ್ಯಾ ಯಂತ್ರ ಓಡಿಸಿದಳು. ಹೊಗೆ ಇಲ್ಲ, ವಾಸನೆ ಇಲ್ಲ, ಕಿಡಿ ಇಲ್ಲ. "ಇದು ಸುಟ್ಟು ತೂತ ಮಾಡಂಗಿಲ್ರಿ ಕಾಕಾ. ಸುಟ್ರ ಅಂಚು ಕರಗಿ ದೊಡ್ಡದಾಗ್ತೈತಿ. ಇದು ಕೂದಲಕಿಂತ ಸಣ್ಣದು. ನೀರು ಇಳಿಯಂಗಿಲ್ಲ, ಗಾಳಿ ಅಷ್ಟ ಆಡ್ತೈತಿ." ಸೂಕ್ಷ್ಮದರ್ಶಕದ ಪರದೆಯಲ್ಲಿ ದುಂಡನೆಯ ತೂತುಗಳ ಸಾಲನ್ನೂ ತೋರಿಸಿದಳು.

ಪರದೆಯ ಮೇಲೆ ಏನು ಬೇಕಾದರೂ ತೋರಿಸಬಹುದು ಎಂದು ಅಮರಪ್ಪನಿಗೆ ಗೊತ್ತು. ಆಕೆ ಸಿಟ್ಟಿಗೇಳದೆ ಮಾತಾಡಿದ್ದು ಅವನ ಅನುಮಾನವನ್ನು ಇಮ್ಮಡಿ ಮಾಡಿತು.

ಮನೆಗೆ ಬಂದವನೇ ಗೋಣಿಚೀಲ ಹೊಲಿಯುವ ದಬ್ಬಣ ತೆಗೆದ. "ಆ ಹುಡುಗಿ ಕಲಿತಾಕಿ, ಸುಮ್ಮ ಇರ್ರಿ," ಎಂದು ಹೆಂಡತಿ ಮುರಿಗೆವ್ವ ಹೇಳಿದಳು. ಕೇಳುವ ಗಂಡನೇ ಅಲ್ಲ. ಇಬ್ಬರೂ ಕೂತು ಚೀಲಗಳನ್ನು ಚುಚ್ಚಿದರು, ಹಣ್ಣು ತುಂಬಿ ಕಳಿಸಿದರು.

ವಾರಕ್ಕೆ ರಾಜಾರಾಮನ ಫೋನ್ ಬಂತು. "ಅಮರಪ್ಪಾರ, ನಲವತ್ತು ಚೀಲದಾಗಿನ ಹಣ್ಣು ಈಗಷ್ಟ ಕೊಯ್ದಂಗ ಅದಾವು. ಉಳಿದಾವು ತೊಟ್ಟು ಒಣಗಿ ಉದುರ್ಯಾವು."

ಪಕ್ಕದಲ್ಲೇ ಕೂತು ಫೋನಿನ ಮಾತು ಕೇಳುತ್ತಿದ್ದ ಹೆಂಡತಿಯ ಕಡೆ ಅಮರಪ್ಪ ತಿರುಗಿದ. "ಬೆನ್ನ ನೋಯಾಕತ್ತಿತ್ತು. ಒಂದೀಟು ಚುಚ್ಚದ ಹಂಗ ಬಿಟ್ಟಿದ್ದೆ," ಎಂದು ಆಕೆ ತಲೆ ತಗ್ಗಿಸಿದಳು.

ರಾಜಾರಾಮ ಇನ್ನೂ ಮಾತಾಡುತ್ತಿದ್ದ. "ಕೆಟ್ಟ ಚೀಲದಾಗ ಮೊಳಿ ಹೊಡದಂಥಾ ತೂತು ಅದಾವ್ರಿ. ನೀವು ಹೇಳಿದ್ದ ಆ ಲೇಸರ್‌ನಾಕಿ ಒಂದೀಟು ಚಲೋ ಕೊಟ್ಟು, ಉಳಿದದ್ರಾಗ ಮೋಸ ಮಾಡ್ಯಾಳ. ನಿಮ್ಮದೇನು ತಪ್ಪಿಲ್ಲ, ಮಾಲ ಕಳಸ್ರಿ. ಆಕೀದು ಮಾತ್ರ ನಮ್ಮ ಕಡಿ ಬೆಳೆಗಾರರಿಗೆಲ್ಲಾ ಹೇಳತೇನಿ."

ಇಷ್ಟು ದಿನ ಅಮರಪ್ಪ ಯಾರಾದರೊಬ್ಬರ ಬಾಯಿಂದ ಕೇಳಬೇಕೆಂದಿದ್ದ ಮಾತು ಇದೇ. ಈಗ ಕೇಳಿದಾಗ ನಾಚಿಕೆಯಾಯಿತು. ಹೂಂ ಎಂದರೆ ತನ್ನ ವ್ಯಾಪಾರ ಉಳಿಯುತ್ತದೆ, ಆ ಹುಡುಗಿಯದು ಮುಳುಗುತ್ತದೆ.

"ಆಕೀದು ತಪ್ಪಿಲ್ರಿ. ದಬ್ಬಣದಲೆ ಚುಚ್ಚಿದಾವ ನಾನ."

ರಾಜಾರಾಮ ನಕ್ಕ. "ತನ್ನ ಮಾಲಿನ ಚೀಲಕ್ಕ ತಾನ ದಬ್ಬಣ ಚುಚ್ಚಾವ ಯಾರದಾನ? ಆಕಿ ನಿಮ್ಮ ಕಡಿಂದ ಹಿಂಗ ಹೇಳಸಾಕತ್ತಾಳ. ನಾ ನಂಬಂಗಿಲ್ರಿ."

ಅಮರಪ್ಪ ಮೊದಲಿನಿಂದ ಬಿಡಿಸಿ ಹೇಳತೊಡಗಿದ. ರಾಜಾರಾಮ ಆಗಲೇ ಫೋನ್ ಇಟ್ಟಿದ್ದ.