ಚೆಂಡು ಹಿಡಿದವಳು

ಎಲ್ಲೋ ಚೆಂಡು ಪುಟಿಯುತ್ತಿದೆ, ಚರ್ಚಿನ ಹಿಂದಿನ ಅಂಗಳದಲ್ಲೇ ಇರಬೇಕು, ತೆಂಗಿನಕಾಯಿ ತುರಿಯುತ್ತಿದ್ದ ಕೈ ತಾನಾಗಿ ನಿಂತಿದೆ — ಇವತ್ತು ಶನಿವಾರ, ನಮ್ಮ ಸುವಾ ಪಟ್ಟಣದಲ್ಲಿ ಅಪರೂಪಕ್ಕೆ ಬಿಸಿಲು, ಹುಡುಗಿಯರು ಆಡದೆ ಇನ್ನೇನು ಮಾಡುತ್ತಾರೆ, ನಾವೂ ಆಡುತ್ತಿದ್ದೆವಲ್ಲ, ಆಡಿದ ಹಾಗೆ ಮಾಡುತ್ತಿದ್ದೆವು, ಸೈನ್ಯ ಸರ್ಕಾರ ಹಿಡಿದ ಮೇಲೆ ನಾಲ್ಕು ಜನ ಸೇರಬೇಕಾದರೂ ಪರವಾನಗಿ ಬೇಕು, ಹೆಂಗಸರನ್ನೇ ಪ್ರೀತಿಸುವ ಹೆಂಗಸರ ಸಂಘಕ್ಕೆ ಅದನ್ನು ಯಾರು ಕೊಡುತ್ತಾರೆ, ನೆಟ್‌ಬಾಲ್ ಆಡುವವರನ್ನಾದರೆ ಯಾರೂ ಕೇಳುವುದಿಲ್ಲ, ಅದು ನನ್ನ ಕೆಲೆರಾಳ ಉಪಾಯ. ಆಟದಲ್ಲಿ ಚೆಂಡು ಹಿಡಿದವಳು ಓಡುವಂತಿಲ್ಲ, ಮೂರು ಸೆಕೆಂಡಿನಲ್ಲಿ ಎಸೆಯಬೇಕು, ಅಷ್ಟರೊಳಗೆ ಹೇಳುವುದನ್ನು ಹೇಳಿಬಿಡಬೇಕು — ಅಣ್ಣ ಮನೆಯಿಂದ ಆಚೆ ಹಾಕ್ದ, ನಮ್ಮನೇಲಿ ಚಾಪೆ ಇದೆ ಬಾರೇ, ಕರಪತ್ರ ಸೋಮವಾರ — ಮೂರು ಸೆಕೆಂಡಿನಲ್ಲಿ ಎಷ್ಟೊಂದು ದುಃಖ ಹಿಡಿಸುತ್ತದೆ. ನಾನು ಸಂಘದ ಮುಖಂಡೆ, ನಾನು ಎಸೆದ ಚೆಂಡು ಮಾತ್ರ ಯಾವಾಗಲೂ ಕೆಲೆರಾಗೇ, ಸಲಾನಿಯೆಟಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು, ಏನೇ ಉನೈಸಿ, ತಂಡದಲ್ಲಿ ನಿನ್ನ ಹೆಂಡ್ತಿ ಒಬ್ಳೇನಾ ಇರೋದು, ನಮ್ಗೂ ಕೈ ಇದಾವೆ ಕಣೇ, ಎಲ್ಲರೂ ನಗುತ್ತಿದ್ದರು, ಬೇಲಿಯ ಆಚೆ ಸೈನ್ಯದ ಟ್ರಕ್ಕು ಬಂದು ನಿಂತಾಗಲೂ ನಗುತ್ತಲೇ ಇದ್ದೆವು. ಯಾರು ಬಾಯಿ ಬಿಟ್ಟರೋ. ಮೊದಲು ಇಳಿದವನು ನಮಗೆ ಬೆನ್ನು ಹಾಕಿ ಟ್ರಕ್ಕಿನಲ್ಲಿದ್ದ ಬೂಟಿನವರಿಗೆ ಹೇಳುತ್ತಿದ್ದ, ಚೆಂಡು ಯಾರ ಕೈಲಿದೆ ನೋಡ್ರೋ, ಅವಳೇ ಇವರ ಲೀಡರ್ರು, ಅವಳನ್ನ ಹತ್ಸಿ — ಚೆಂಡು ನನ್ನ ಕೈಯಲ್ಲಿತ್ತು. ಅವರು ತಲೆ ಎತ್ತುವಷ್ಟರಲ್ಲಿ ಕೆಲೆರಾಳ ಕೈಯಲ್ಲಿತ್ತು. ಅವಳಿಗೂ ಕೇಳಿಸಿತ್ತು, ಅವಳೂ ಎಸೆಯಬಹುದಿತ್ತು, ಎಸೆಯಲಿಲ್ಲ, ಚೆಂಡನ್ನು ಎದೆಗೆ ಒತ್ತಿಕೊಂಡು ಕಾಲು ಕದಲಿಸದೆ ನಿಂತಳು, ಮೂರಾಯಿತು, ನಾಲ್ಕಾಯಿತು, ಐದಾಯಿತು.

ಆರನೇ ದಿನ ಅವಳನ್ನು ಬಿಟ್ಟರು, ಒಂದು ಹೆಸರನ್ನೂ ಹೇಳಿರಲಿಲ್ಲ, ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ, ಅವಳ ಚಿಕ್ಕಮ್ಮ ಬಂದು ಕಂದಾವು ದ್ವೀಪಕ್ಕೆ ಕರೆದುಕೊಂಡು ಹೋದಳು, ನನ್ನ ಕಡೆ ತಿರುಗಿ, ಇನ್ನು ಫೋನ್ ಗೀನ್ ಮಾಡ್ಬೇಡಮ್ಮ ನೀನು, ಹಡಗುಕಟ್ಟೆಯಲ್ಲಿ ನಾನು ತೊದಲಿದೆ, ಅಭ್ಯಾಸ ಕಣೇ, ಕೈ ತಾನಾಗಿ ಎಸೀತು, ಕೆಲೆರಾ ನನ್ನ ಮುಖ ನೋಡದೆ, ಗೊತ್ತು ಬಿಡು, ನೀನು ಯಾವಾಗ್ಲೂ ನಂಗೇ ಅಲ್ವಾ ಎಸೆಯೋದು. ಅಭ್ಯಾಸವೇ ಇರಬಹುದು, ಆದರೆ ಹೆದರಿದ್ದೆ, ಅದೂ ನಿಜ, ಅವಳಿಗೆ ಅದನ್ನು ಹೇಳಲಿಲ್ಲ, ಹಡಗು ಹೋಯಿತು. ಈಗ ಬಾಗಿಲಲ್ಲಿ ಸಲಾನಿಯೆಟಾ ನಿಂತಿದ್ದಾಳೆ, ಎದ್ದೇಳೇ, ಹೊಸ ಹುಡುಗೀರು ಬಂದಿದಾರೆ, ಪಾಪ ಏನೇನೋ ಹೇಳ್ಕೋಬೇಕು ಅವಕ್ಕೆ, ಮೊದಲ ಚೆಂಡು ನೀನೇ ಎಸೀಬೇಕು, ನನ್ನ ಕೈಯೆಲ್ಲ ತೆಂಗಿನ ಹಾಲು, ಒರೆಸಿಕೊಳ್ಳಬೇಕು, ಏಳಬೇಕು, ಹೋಗಿ ನಿಂತರೆ ಯಾರಿಗೆ ಎಸೆಯಲಿ, ಕಣ್ಣು ಮುಚ್ಚಿದರೆ ಆ ಕಡೆ ಕೆಲೆರಾ, ಚೆಂಡು ಆಗಲೇ ನನ್ನ ಕೈ ಬಿಟ್ಟಿದೆ, ಅವಳು ಹಿಡಿಯುವುದಕ್ಕೆ ಎರಡೂ ಕೈ ಮೇಲೆತ್ತಿದ್ದಾಳೆ, ಎರಡೂ ಕೈ