ಹನ್ನೊಂದು ಗಂಟೆಯ ದೋಣಿ

ಮಗಳು ದಿನಾ ಮನೆಗೆ ಬರುತ್ತಿದ್ದಳು. ಬರುವಾಗ ಹದಿನೈದು ಜನ ಪ್ರವಾಸಿಗರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದಳು. ತಾಯಿಯ ಸಂಕಟ ಅದೇ.

ಎದುರು ದ್ವೀಪದ ರೆಸಾರ್ಟಿನಲ್ಲಿ ಅವಳು ಗೈಡು. ಬೆಳಿಗ್ಗೆ ಎರಡು ಮೂರು ದ್ವೀಪ ಸುತ್ತಿಸಿ, ಬಣ್ಣದ ಮೀನು ತೋರಿಸಿ, ಹನ್ನೊಂದಕ್ಕೆ 'ಹಳ್ಳಿಯ ಬದುಕು' ತೋರಿಸಲು ದೋಣಿಯನ್ನು ಈ ದಡಕ್ಕೆ ತರುತ್ತಿದ್ದಳು. ಹಳ್ಳಿಯ ಬದುಕು ಅಂದರೆ ಬೇರೇನಲ್ಲ, ಅವಳ ತಾಯಿಯೇ. ಜಗಲಿಯ ಮೇಲೆ ಕೂತು ತೆಂಗಿನ ನಾರು ಹೊಸೆದು ಒಂದು ಮಾರು ಹಗ್ಗ ಮಾಡಬೇಕು. ಹಗ್ಗ ಮುಗಿದರೆ ಆಟ ಮುಗಿಯಿತು. ಕಾಲು ಗಂಟೆ, ಅಷ್ಟೇ. ಅತಿಥಿಗಳ ಎದುರು ಮನೆಮಾತು ಆಡಕೂಡದು, ತಮ್ಮನ್ನೇ ಆಡಿಕೊಳ್ಳುತ್ತಾರೆ ಅಂತ ಅವರು ಅಂದುಕೊಂಡಾರು ಎಂದು ರೆಸಾರ್ಟಿನವರ ಕಟ್ಟಪ್ಪಣೆ. ಸೀಸನ್ ಮುಗಿಯುವ ತನಕ ರಜೆಯೂ ಇಲ್ಲ, ಮಲಗುವುದು ಅಲ್ಲೇ ಕೆಲಸದವರ ಕೋಣೆಯಲ್ಲಿ. ತಾಯಿಯ ಬಳಿ ಫೋನೂ ಇಲ್ಲ. ಹೀಗೆ ನಾಲ್ಕು ತಿಂಗಳಿಂದ ತಾಯಿ ಮಗಳನ್ನು ದಿನಾ ಕಂಡಳು, ಒಂದು ದಿನವೂ ಮಾತಾಡಿಸಲಿಲ್ಲ. ನೀರಲ್ಲಿ ನಿಂತು ಬಾಯಾರಿದ ಹಾಗೆ.

ತಾಯಿಯ ಮನೆಯಿದ್ದ ದ್ವೀಪದ ಆ ತುದಿಯಲ್ಲಿ ಬುಟ್ಟಿ ಹೆಣೆಯುವವಳೊಬ್ಬಳು ಇದ್ದಳು. ಎಲ್ಲರಿಗೂ ಬುಟ್ಟಿಯಕ್ಕ. ಒಂದು ಸಂಜೆ ಬಂದವಳು ಅಂದಳು:

"ನಿನಗೇನು ಬಿಡು, ಮಗಳು ದಿನಾ ದಿಬ್ಬಣ ಕಟ್ಕೊಂಡು ಬರ್ತಾಳೆ."

"ಬಂದ್ರೆ ಏನ್ ಬಂತು? ಪೋಸ್ಟ್‌ಮ್ಯಾನೂ ದಿನಾ ಬರ್ತಾನೆ."

"ಹಾಗಾದ್ರೆ ಹಗ್ಗ ನಿಧಾನ ಹೊಸಿಯೇ. ನಿನ್ನ ಕೈಗೆ ಗಡಿಯಾರ ಕಟ್ಟಿದಾರಾ?"

ಅವಳು ನಕ್ಕು ಹೋದಳು. ಮಾತು ಮಾತ್ರ ಉಳಿಯಿತು.

ಮಾರನೆಯ ದಿನ ತಾಯಿ ಬೇಕಂತಲೇ ಹುರಿ ಸಡಿಲ ಕೊಟ್ಟಳು. ಎರಡು ಎಳೆ ಸೇರಿಸಿ ಎಳೆದರೆ ಹಗ್ಗ ಬಿಚ್ಚಿಕೊಂಡಿತು. ಅಯ್ಯೋ ಎಂದು ಮತ್ತೆ ಹೊಸೆದಳು. ಮತ್ತೆ ಬಿಚ್ಚಿತು. ಅತಿಥಿಗಳಿಗೆ ಮೋಜು, ನೆಲದ ಮೇಲೇ ಕೂತುಬಿಟ್ಟರು. ತಾಯಿ ಕಣ್ಣು ತುಂಬ ಮಗಳನ್ನು ನೋಡಿದಳು. ಕೆನ್ನೆ ಬತ್ತಿದೆ. ಹಿಮ್ಮಡಿಗೆ ಚಪ್ಪಲಿ ಕಚ್ಚಿದೆ. ಮಗಳು ಮೊದಲು ನಕ್ಕಳು, ಆಮೇಲೆ ಸಮುದ್ರದ ಕಡೆ ನೋಡತೊಡಗಿದಳು.

"ನೀರು ಇಳೀತಾ ಇದೆ, ಬನ್ರೋ!" ದೋಣಿಯವನು ಕೂಗುವಷ್ಟರಲ್ಲಿ ಇಳಿದೇಬಿಟ್ಟಿತ್ತು. ದೋಣಿ ಕೆಸರಲ್ಲಿ ಕೂತ ಎಮ್ಮೆಯಂತೆ ಮರಳಿಗೆ ಕೂತಿತು.

ಮತ್ತೆ ನೀರು ಏರುವವರೆಗೆ ಸುಡು ಬಿಸಿಲು. ಮಗಳು ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕೊಡೆ, ಮತ್ತೊಬ್ಬರಲ್ಲಿ ಕ್ಷಮೆ ಎಂದು ಓಡಾಡಿದಳೇ ಹೊರತು ತಾಯಿಯ ಕಡೆ ತಿರುಗಲಿಲ್ಲ. ಹೊರಡುವಾಗ ದೋಣಿಯವನೇ ಬಂದು ಹೇಳಿದ:

"ಏನಮ್ಮಾ, ನಲವತ್ತು ವರ್ಷ ಹೊಸೆದ ಕೈ ಇವತ್ತೇ ತಪ್ಪಬೇಕಾ?"

"ವಯಸ್ಸಾಯ್ತಪ್ಪಾ."

"ನಾಳೆಯಿಂದ ದೋಣಿ ಬುಟ್ಟಿಯಕ್ಕನ ಕಡೆಗೆ. ಅಲ್ಲಿ ನೀರು ಆಳ ಅಂತೆ. ಮೇಲಿನವರು ಫೋನಲ್ಲೇ ಹೇಳಿಬಿಟ್ರು."

ಅತಿ ಆಸೆ ಗತಿಗೇಡು. ಇದ್ದ ಕಾಲು ಗಂಟೆಯೂ ಹೋಯಿತು.

ಮೂರು ದಿನ ಹನ್ನೊಂದಕ್ಕೆ ಜಗಲಿಯಲ್ಲಿ ಸುಮ್ಮನೆ ಕೂತಳು. ದೋಣಿಯ ಸದ್ದು ದೂರದಿಂದಲೇ ಹಾದುಹೋಗುತ್ತಿತ್ತು. ನಾಲ್ಕನೆಯ ದಿನ ಸೆರಗು ತಲೆಗೆ ಹೊದ್ದು, ಸುಡುವ ಮರಳಲ್ಲಿ ನಡೆದು ಆ ತುದಿಗೆ ಹೋಗಿ, ಪ್ರವಾಸಿಗರ ಹಿಂದೆ ಕಳ್ಳಿಯ ಹಾಗೆ ನಿಂತಳು. ಬುಟ್ಟಿಯಕ್ಕ ಹೆಣೆಯುತ್ತಿದ್ದಳು. ಮಗಳು ಅತಿಥಿಗಳ ಪರಭಾಷೆಯಲ್ಲಿ ರಾಗವಾಗಿ ವಿವರಿಸುತ್ತಿದ್ದಳು. ಕಣ್ಣಿಗೆ ಕಣ್ಣು ಕೂಡಿತು.

ಮಗಳ ದನಿ ಬದಲಾಗಲಿಲ್ಲ. ಬುಟ್ಟಿಯ ಕಡೆ ಕೈ ತೋರಿಸುತ್ತಲೇ, ಅದೇ ರಾಗದಲ್ಲಿ ಮನೆಮಾತಿನಲ್ಲಿ ಹೇಳಿದಳು: "ಅಮ್ಮಾ, ನೀನು ಬೇಕಂತಲೇ ಮಾಡಿದ್ದು ಅಂತ ಅವತ್ತೇ ಗೊತ್ತಾಯ್ತು. ಕೋಪ ಇತ್ತು, ಈಗಿಲ್ಲ. ಊಟ ಆಯ್ತಾ?"

ಹೆಣೆಯುವವರ ಹಾಡು ಇರಬೇಕೆಂದು ಅತಿಥಿಗಳು ತಲೆದೂಗಿದರು. ಒಬ್ಬ ಬರೆದುಕೊಂಡ.

ತಾಯಿಯೂ ಅದೇ ರಾಗ ಹಿಡಿದಳು. "ಆಯ್ತು ಮಗಾ. ನೀನ್ಯಾಕೆ ಹೀಗೆ ಸೊರಗಿದ್ದೀ?"

"ಸೊರಗಿಲ್ಲಮ್ಮಾ, ಬಿಸಿಲು" ಎಂದು ಹಾಡಿದ ಹಾಗೆ ಹೇಳಿ, ಮಗಳು ಅತಿಥಿಗಳತ್ತ ತಿರುಗಿ ಅವರ ಭಾಷೆಯಲ್ಲಿ ಏನೋ ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬುಟ್ಟಿಯಕ್ಕ ನಗು ತಡೆಯಲಾರದೆ ಬುಟ್ಟಿಯಲ್ಲಿ ಮುಖ ಹುದುಗಿಸಿದಳು.

ದೋಣಿ ಹೋಯಿತು. ತಾಯಿಗೆ ಕೇಳುವುದು ಬೆಟ್ಟದಷ್ಟು ಉಳಿಯಿತು: ರಾತ್ರಿ ನಿದ್ದೆ ಬರುತ್ತಾ, ಜೊತೆಯವರು ಒಳ್ಳೆಯವರಾ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾಳಾ. ದಿನಕ್ಕೆ ಒಂದಕ್ಕಿಂತ ಹೆಚ್ಚು ಕೇಳಿದರೆ ಯಾರಿಗಾದರೂ ಅನುಮಾನ ಬಂದೀತು. ನಾಳೆಗೆ ಯಾವುದನ್ನು ಇಟ್ಟುಕೊಳ್ಳಲಿ ಎಂದು ಆರಿಸುತ್ತಾ ಅವಳು ಮರಳ ದಾರಿ ಹಿಡಿದಳು. ಮನೆ ಮುಟ್ಟಿದರೂ ತೀರ್ಮಾನ ಆಗಿರಲಿಲ್ಲ.