ಬರೀ ಉಪ್ಪುನೀರಿನ ಬಾಟಲಿ

ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಫೋನ್ ಮಾಡಿ. ನಿಮ್ಮದೇ ದನಿಯಲ್ಲಿ ಉತ್ತರ ಕೊಡುತ್ತೇನೆ.

ನಾನು ವಿಷ ಪರೀಕ್ಷಿಸುವ ಲ್ಯಾಬಿನಲ್ಲಿ ಸಹಾಯಕ. ಬೇರೆ ಕಚೇರಿಗಳಲ್ಲಿ ವಿಷಯ ಹುಡುಕಿದರೆ ನಾವು ಅದರ ಮೊದಲೆರಡು ಅಕ್ಷರ ಮಾತ್ರ ಹುಡುಕುತ್ತೇವೆ. ಸತ್ತವರ ಹೊಟ್ಟೆ, ಯಕೃತ್ತು, ರಕ್ತ ಸೀಲಾಗಿ ನಮ್ಮ ಮೇಜಿಗೆ ಬರುತ್ತವೆ.

ಆ ವಾರ ಇನ್‌ಸ್ಪೆಕ್ಟರರ ಫೋನಿನಿಂದ ನಮ್ಮ ತಲೆ ಚಿಟ್ಟು ಹಿಡಿದಿತ್ತು. ಸೊಸೆ ಕೊಟ್ಟ ಸೂಪ್ ಕುಡಿದ ರಾತ್ರಿಯೇ ಮಾವ ಸತ್ತಿದ್ದ. ಅಂದಿನಿಂದ ಅವಳನ್ನು ದಿನಾ ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸುತ್ತಿದ್ದರು.

"ಖ್ಹೂಂ! ಏನ್ರೀ, ವಿಷ ಸಿಕ್ತೇನ್ರೀ? ಬರ್ದು ಬಿಸಾಕ್ರೀ ಅತ್ಲಾಗೆ, ಖ್ಹೂಂ!"

ದಿನಕ್ಕೆ ಹತ್ತು ಸಲ. ಆ ಕೆಮ್ಮು ನನಗೆ ಬಾಯಿಪಾಠವಾಗಿಬಿಟ್ಟಿತ್ತು.

ವಿಷ ಸಿಕ್ಕಿತ್ತು, ತಲೆನೋವು ಅದೇ. ಹೊಟ್ಟೆ, ಯಕೃತ್ತಿನ ಬಾಟಲಿಗಳಲ್ಲಿ ಕೀಟನಾಶಕ. ರಕ್ತದ ಸೀಸೆಯಲ್ಲಿ ಮಾತ್ರ ಅದರ ಸುಳಿವೇ ಇಲ್ಲ.

ನಮ್ಮ ಹಿರಿಯ ಕೆಮಿಸ್ಟರನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ. ಅವರು ಕನ್ನಡಕ ಹಣೆಗೇರಿಸಿದರು. "ರಕ್ತಕ್ಕೆ ಬರ್ದೆ ಯಕೃತ್ತಿಗೆ ಹೇಗೋ ಹೋಯ್ತು? ಬಸ್ ಹತ್ತಿ ಹೋಯ್ತಾ? ಕೆಡಬಾರ್ದು ಅಂತ ಆಸ್ಪತ್ರೆಯವ್ರು ಅಂಗಗಳನ್ನ ಉಪ್ಪುನೀರಲ್ಲಿ ಹಾಕ್ತಾರಲ್ಲ, ರಕ್ತಕ್ಕೆ ಹಾಕಲ್ಲ. ಆ ನೀರೇ ಸರಿಯಿದ್ಯಾ ಅಂತ ನೋಡೋಕೆ ಬರೀ ನೀರಿನದೊಂದು ಬಾಟ್ಲಿ ಬೇರೆ ಬರ್ಬೇಕು. ಮೂರು ಪತ್ರ ಬರ್ದೆ. ಅದನ್ನ ನೋಡ್ದೆ ನಾನು ಸೈನ್ ಹಾಕಲ್ಲ."

ಬಾಟಲಿ ಠಾಣೆಯ ಬೀರುವಿನಲ್ಲೇ ಬಿದ್ದಿದೆಯೆಂದು ಆಸ್ಪತ್ರೆಯವರು ಹೇಳಿದ್ದರು. ಮೂರು ಪತ್ರಕ್ಕೂ ಠಾಣೆಯಿಂದ ಒಂದೇ ಉತ್ತರ: "ತಮ್ಮ ಪತ್ರ ತಲುಪಿದೆ." ಬಾಟಲಿ ತಲುಪಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಫೋನಿನಲ್ಲೇ ಸಿಡಿದರು. "ಉಪ್ಪುನೀರಾ? ನಿಮ್ಮನೇಲಿ ಉಪ್ಪಿಲ್ವೇನ್ರೀ? ವರದಿ ಬರ್ಲಿ, ಬಿಡ್ಲಿ, ಸಂಜೆ ಐದಕ್ಕೆ ಅವಳನ್ನ ಒಳಗೆ ಹಾಕ್ತೀನಿ!"

ನನ್ನ ತಾಳ್ಮೆಯೂ ಮುಗಿಯಿತು. ದೊಡ್ಡಮ್ಮ ಆಚೆ ಹೋದದ್ದೇ ತಡ, ಇನ್‌ಸ್ಪೆಕ್ಟರ್ ರೌಂಡ್ಸಿಗೆ ಹೋಗುವ ಹೊತ್ತು ನೋಡಿ ಠಾಣೆಗೆ ಫೋನ್ ಮಾಡಿ ಅವರ ದನಿ ತೆಗೆದೆ. "ಖ್ಹೂಂ! ಏನಯ್ಯಾ, ಬೀರುವಲ್ಲಿರೋ ಉಪ್ಪುನೀರಿನ ಬಾಟ್ಲಿಗೆ ಪೂಜೆ ಮಾಡ್ತಿದ್ದೀಯಾ? ಸೀಲ್ ಮುಟ್ದೆ ಲ್ಯಾಬಿಗೆ ತಲುಪ್ಸು. ಈಗ್ಲೇ!"

"ಎಸ್ ಸಾರ್!"

ಅರ್ಧ ಗಂಟೆಯಲ್ಲಿ ಪೇದೆ ಏದುಸಿರು ಬಿಡುತ್ತ ಬಾಗಿಲಲ್ಲಿದ್ದ.

ದೊಡ್ಡಮ್ಮ ಅದನ್ನು ಪರೀಕ್ಷೆಗೆ ಹಾಕಿದರು. ಬರೀ ಉಪ್ಪುನೀರಲ್ಲೂ ಅದೇ ಕೀಟನಾಶಕ! ಆಸ್ಪತ್ರೆಗೆ ಫೋನ್ ಮಾಡಿ ಗದರಿದ ಮೇಲೆ ನಿಜ ಹೊರಬಿತ್ತು. ಹಳೇ ಕ್ಯಾನ್ ಒಡೆಯಿತೆಂದು ಶವಾಗಾರದವರು ಜಿರಳೆ ಔಷಧಿಯ ಖಾಲಿ ಕ್ಯಾನ್ ತೊಳೆದು ಅದರಲ್ಲಿ ಉಪ್ಪು ಕದಡಿದ್ದರು. ಮಾವನಿಗೆ ಕೈಕೊಟ್ಟದ್ದು ಅವನ ಹೃದಯವೆಂದು ಶವಪರೀಕ್ಷೆಯ ಡಾಕ್ಟರೂ ಈಗ ಹೇಳಿದರು. ವಿಷ ಹೊಟ್ಟೆ ಸೇರಿದ್ದು ಸತ್ತ ಮೇಲೆ.

ನಾಲ್ಕೂವರೆಗೆ ಇನ್‌ಸ್ಪೆಕ್ಟರ್ ಖುದ್ದಾಗಿ ನುಗ್ಗಿದರು. "ಖ್ಹೂಂ! ನನ್ನ ದನೀಲಿ ನನ್ನ ಬೀರು ತೆಗೆಸಿದ್ದು ಯಾರ್ರೀ?"

ದೊಡ್ಡಮ್ಮ ವರದಿ ಮುಂದಿಟ್ಟರು. ಇನ್‌ಸ್ಪೆಕ್ಟರ್ ಎರಡು ಸಲ ಓದಿ, ಟೋಪಿ ತೆಗೆದು ಕುರ್ಚಿಯಲ್ಲಿ ಕುಸಿದರು. "ಅದೇ ಸೂಪ್ ನಾನೂ ಕುಡಿದೆ ಅಂತ ಆ ಹೆಣ್ಣುಮಗಳು ಬಡ್ಕೊಂಡ್ಲು. ನಾನು ಕೇಳ್ಲಿಲ್ಲ."

ಆಮೇಲೆ ಕಣ್ಣು ನನ್ನ ಮೇಲೆ ಬಿತ್ತು. "ನೀನೇ ತಾನೆ? ಮನೆಗೆ ಹೋಗಮ್ಮ ಅಂತ ಹೇಳೋಕೆ ನನ್ಗೆ ಬಾಯಿ ಬರ್ತಿಲ್ಲ. ನನ್ನ ದನಿ ನಿನ್ ಹತ್ರ ಇದ್ಯಲ್ಲ, ನೀನೇ ಹೇಳು."

ಠಾಣೆಗೆ ಫೋನ್ ಮಾಡಿ ಸ್ಪೀಕರ್ ಒತ್ತಿದೆ. "ಖ್ಹೂಂ! ಆ ಹೆಣ್ಣುಮಗಳನ್ನ ಜೀಪಲ್ಲಿ ಮನೆಗೆ ಬಿಟ್ಟು ಬಾರಯ್ಯ. ತಪ್ಪಾಯ್ತಮ್ಮ ಅಂತ ಹೇಳು."

"ಎಸ್ ಸಾರ್!" ಪೇದೆ ದನಿ ತಗ್ಗಿಸಿದ. "ಸಾರ್, ಬೆಳಿಗ್ಗೆ ಫೋನ್ ಮಾಡಿದ್ದು ನೀವಲ್ಲ ಅಂದ್ರಲ್ಲ, ಆ ದನಿ ಮೇಲೆ ನನ್ಗೆ ಆಗ್ಲೇ ಡೌಟಿತ್ತು. ಈಗ ನೋಡಿ, ಇದು ನಿಮ್ದೇ ದನಿ. ನನ್ನ ಕಿವಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ ಸಾರ್!"

ಮೊದಲು ನಕ್ಕಿದ್ದು ದೊಡ್ಡಮ್ಮ. ಎಲ್ಲರಿಗಿಂತ ಜೋರಾಗಿ, ಕೆಮ್ಮುವುದನ್ನೂ ಮರೆತು ನಕ್ಕಿದ್ದು ಇನ್‌ಸ್ಪೆಕ್ಟರ್.